ಮೈನರ್ ಬ್ಲೂಸ್‌ಗೆ ಮೂರನೆಯ ಪೊಸಿಷನ್ನೇ ಸೂಕ್ತ

ಹಾರ್ಮೋನಿಕಾದಲ್ಲಿ (ಮೌತ್ ಆರ್ಗನ್) ಮೈನರ್ ಬ್ಲೂಸ್‌ಗೂ, ಅಂದರೆ ವಿಷಾದದ ಛಾಯೆಯ ಮೈನರ್ ಸ್ವರಗಳ ಬ್ಲೂಸ್ ಹಾಡುಗಳಿಗೂ, ಎರಡನೆಯ ಪೊಸಿಷನ್ ಸಾಕೆಂದು ಬರೆದ ಲೇಖಕರ ಮಾತನ್ನು ನಾನು ಒಪ್ಪಲಾರೆ. ಪೊಸಿಷನ್ ಎಂದರೆ ವಾದ್ಯದ ಯಾವ ಸ್ವರವನ್ನು ಆಧಾರವಾಗಿ ಹಿಡಿದು ನುಡಿಸುತ್ತೇವೆ ಎಂಬುದು; ಸಿ ಹಾರ್ಮೋನಿಕಾದಲ್ಲಿ ಎರಡನೆಯದಕ್ಕೆ ಜಿ, ಮೂರನೆಯದಕ್ಕೆ ಡಿ ಆಧಾರ. ಸಿ ಹಾರ್ಮೋನಿಕಾದಲ್ಲಿ ಹಾಗೆ ಜಿ ಮೈನರ್ ನುಡಿಸಹೊರಟರೆ, ಮೂರನೆಯ ರಂಧ್ರದಲ್ಲಿ ಉಸಿರೆಳೆದಾಗ ಬರುವ ಬಿ ಸ್ವರವನ್ನು ಪ್ರತಿ ಸಲವೂ ಅರ್ಧ ಸ್ವರದಷ್ಟು ಕೆಳಕ್ಕೆ ಬೆಂಡ್ ಮಾಡಲೇಬೇಕು (ಬಾಯಿ, ನಾಲಿಗೆಯ ಭಂಗಿ ಬದಲಿಸಿ ಸ್ವರವನ್ನು ತಗ್ಗಿಸಲೇಬೇಕು). ತುಸು ಮೈಮರೆತರೂ ಮೇಜರ್ ಛಾಯೆ ನುಸುಳಿ ಹಾಡಿನ ಭಾವವೇ ಕೆಡುತ್ತದೆ. ಅದೇ ವಾದ್ಯದಲ್ಲಿ ಮೂರನೆಯ ಪೊಸಿಷನ್ ಹಿಡಿದು 4, 5, 6ನೆಯ ರಂಧ್ರಗಳಲ್ಲಿ ಒಟ್ಟಿಗೆ ಉಸಿರೆಳೆದು ನೋಡಿ: ಡಿ, ಎಫ್, ಎ ಸ್ವರಗಳು ಕೂಡಿದ ಡಿ ಮೈನರ್ ಕಾರ್ಡ್ ಯಾವ ಬೆಂಡ್ ಕೂಡ ಇಲ್ಲದೆ ತುಂಬಿಕೊಂಡು ಬರುತ್ತದೆ. ಅಮೆರಿಕದ ಹೆಸರಾಂತ ಬ್ಲೂಸ್ ವಾದಕ ಲಿಟಲ್ ವಾಲ್ಟರ್ ಕ್ರೋಮ್ಯಾಟಿಕ್ ಹಾರ್ಮೋನಿಕಾದಲ್ಲಿ (ಗುಂಡಿಯೊತ್ತಿ ಅರ್ಧ ಸ್ವರಗಳನ್ನೂ ನುಡಿಸಬಹುದಾದ ಬಗೆ) ನೆಚ್ಚಿದ್ದೂ ಈ ಪೊಸಿಷನ್ ಅನ್ನೇ. ಆದರೆ ಇಲ್ಲಿ ಸಹಜವಾಗಿ ಸಿಗುವುದು ಡೋರಿಯನ್ ಸ್ವರಶ್ರೇಣಿ (ನಮ್ಮ ಖರಹರಪ್ರಿಯದ ಸ್ವರಗಳೇ); ಅದರಲ್ಲಿ ಬಿ ತಗ್ಗದೆ ಉಳಿಯುತ್ತದೆ, ಜಿ ಮೈನರ್ ಕಾರ್ಡ್‌ಗೆ ಬೇಕಾದುದು ಮಾತ್ರ ತಗ್ಗಿದ ಬಿ. ಆದ್ದರಿಂದ ಹಿನ್ನೆಲೆಯಲ್ಲಿ ಜಿ ಮೈನರ್ ಕಾರ್ಡ್ ಬಂದಾಗ ಮಾತ್ರ ಆ ಬಿ ಸ್ವರವನ್ನು ತಗ್ಗಿಸಬೇಕು, ಇಲ್ಲವೇ ಬಿಟ್ಟುಬಿಡಬೇಕು.