ಕಂಟೇನರ್ ಬಾಗಿಲು ತೆಗೆಯುವವರ ಬಗ್ಗೆ ಸ್ವಲ್ಪ ಯೋಚಿಸಿ

ಮೊನ್ನೆ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಕಟ್ಟಡಕ್ಕೆ ಬೇಕಾದ ಗ್ರಾನೈಟ್ ಸ್ಲ್ಯಾಬ್ ಮತ್ತು ಟೈಲ್ಸ್‌ಗಳನ್ನು ಮೊದಲ ಸಲ ಹಡಗಿನಲ್ಲಿ ತರಿಸುತ್ತಿದ್ದಾರೆ. ಅವರ ಮೊದಲ ಪ್ರಶ್ನೆ, "ಹಡಗಿನ ಬಾಡಿಗೆ ಎಲ್ಲಿ ಕಡಿಮೆ ಸಿಗುತ್ತೆ?" ಈ ಕೆಲಸಕ್ಕೆ ಬಂದಾಗಿನಿಂದ ನಾನು ಅತಿ ಹೆಚ್ಚು ಕೇಳಿರುವ ಪ್ರಶ್ನೆ ಇದೇ. ಉತ್ತರ ಕೊಟ್ಟೆ. ಆಮೇಲೆ ನಾನೊಂದು ಕೇಳಿದೆ, "ಕಂಟೇನರ್‌ಗೆ ಮಾಲು ತುಂಬೋದು ಯಾರು? ಹೇಗೆ ತುಂಬ್ತಾರೆ?" ಅವರು, "ಅದೆಲ್ಲ ಅವರೇ ನೋಡಿಕೊಳ್ತಾರೆ ಬಿಡಿ" ಅಂದರು.

ಆ "ಬಿಡಿ" ಅನ್ನುವ ಮಾತನ್ನು ಸುಮ್ನೆ ಬಿಡಲು ನನಗೆ ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಸ್ಲ್ಯಾಬ್ ತುಂಬಿದ ಒಂದು ಕಂಟೇನರ್ ತೆಗೆಯುವಾಗ ನಾನು ಅಲ್ಲೇ ನಿಂತಿದ್ದೆ. ಬಾಗಿಲು ತೆರೆದಾಗ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಸ್ಲ್ಯಾಬ್‌ಗಳು ಮರದ ಚೌಕಟ್ಟಿಗೆ ಒರಗಿ ನಿಂತಿದ್ದವು, ಸುತ್ತ ಪಟ್ಟಿ ಬಿಗಿದಿತ್ತು. ಒಬ್ಬ ಹುಡುಗ ಒಳಗೆ ಹೋಗಿ ಪಟ್ಟಿ ಕತ್ತರಿಸಿದ. ಹಿಂದೆ ನಿಂತಿದ್ದ ಹಿರಿಯ ಕೆಲಸಗಾರರೊಬ್ಬರು ತಕ್ಷಣ ಅವನ ಅಂಗಿ ಹಿಡಿದು ಹೊರಗೆ ಎಳೆದರು. ಮರುಕ್ಷಣವೇ ಇಡೀ ಸಾಲು ವಾಲಿ ಬಿತ್ತು. ಹತ್ತಡಿ ಉದ್ದ, ಆರಡಿ ಅಗಲ, ಎರಡು ಸೆಂಟಿಮೀಟರ್ ದಪ್ಪದ ಒಂದು ಗ್ರಾನೈಟ್ ಸ್ಲ್ಯಾಬ್ ಸುಮಾರು 300 ಕೆಜಿ ತೂಗುತ್ತದೆ. ಹತ್ತು ಸ್ಲ್ಯಾಬ್ ಅಂದರೆ 3 ಟನ್. ಕಂಟೇನರ್ ಒಳಗಿನ ಅಗಲ 2.35 ಮೀಟರ್ ಮಾತ್ರ. ಚೌಕಟ್ಟು ಬಿಟ್ಟು ಉಳಿಯುವ ಸಂದಿಯಲ್ಲಿ ಮನುಷ್ಯ ಓಡಲು ಜಾಗವೇ ಇರುವುದಿಲ್ಲ. ಆ ಹುಡುಗ ಬದುಕಿಕೊಂಡ. ಇದೇ ರೀತಿಯ ಅಪಘಾತಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ಜನ ಸತ್ತಿದ್ದಾರೆ.

ತಪ್ಪು ನಡೆದಿದ್ದು ಆ ದಿನ ಅಲ್ಲ. ವಾರಗಳ ಹಿಂದೆ, ಸಮುದ್ರದ ಆಚೆ ದಡದಲ್ಲಿ, ಮಾಲು ತುಂಬಿದ ಹೊತ್ತಿನಲ್ಲಿ. ಚೌಕಟ್ಟಿನ ಮುಂದೆ ದಪ್ಪ ಮರದ ಆಸರೆ ಚೆನ್ನಾಗಿಯೇ ಕೊಟ್ಟಿದ್ದರು. ಪಕ್ಕಕ್ಕೆ ಮಾತ್ರ ಎರಡು ತೆಳ್ಳಗಿನ ಪಟ್ಟಿಗೆ ಮೊಳೆ ಹೊಡೆದು ಬಿಟ್ಟಿದ್ದರು.

ಇದು ಲಾರಿಗೆ ತುಂಬುವವರ ಲೆಕ್ಕ. ಲಾರಿಯಲ್ಲಿ ದೊಡ್ಡ ಹೊಡೆತ ಬ್ರೇಕ್ ಹಾಕಿದಾಗ, ಮುಂದಕ್ಕೆ. ಸಮುದ್ರದಲ್ಲಿ ಹಾಗಲ್ಲ. ಹಡಗು ಪಕ್ಕಕ್ಕೆ ಹೊರಳುತ್ತದೆ. ಒಂದು ಸಲ ಅಲ್ಲ, ದಿನಗಟ್ಟಲೆ. ಕಂಟೇನರ್‌ಗೆ ಮಾಲು ತುಂಬುವ ಬಗ್ಗೆ 2014ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸೇರಿ ಒಂದು ನಿಯಮಾವಳಿ ಒಪ್ಪಿಕೊಂಡಿವೆ. ಸಿಟಿಯು ಕೋಡ್ ಅಂತ ಕರೆಯುತ್ತಾರೆ. ಅದರ ಪ್ರಕಾರ ರಸ್ತೆಯಲ್ಲಿ ಪಕ್ಕಕ್ಕೆ ಮಾಲಿನ ತೂಕದ ಅರ್ಧದಷ್ಟು ಒತ್ತಡಕ್ಕೆ ತಯಾರಿರಬೇಕು. ಒರಟು ಸಮುದ್ರದಲ್ಲಿ ಅದು 0.8 ಪಟ್ಟು. ಅಂದರೆ 20 ಟನ್ ಕಲ್ಲು 16 ಟನ್ ಬಲದಲ್ಲಿ ಪಕ್ಕದ ಗೋಡೆ ಕಡೆ ನುಗ್ಗಬಹುದು. ಅದನ್ನು ಎರಡು ಮೊಳೆ ತಡೆಯುತ್ತವೆಯಾ?

ತೂಕದ ವಿಷಯದಲ್ಲೂ ಜನ ಮೋಸ ಹೋಗುತ್ತಾರೆ. 20 ಅಡಿ ಕಂಟೇನರ್ ಒಳಗೆ ಸುಮಾರು 33 ಘನ ಮೀಟರ್ ಜಾಗ, 40 ಅಡಿಯದರಲ್ಲಿ ಸುಮಾರು 67. ಆದರೆ ಹೊರುವ ತೂಕ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, 26-28 ಟನ್ ಆಸುಪಾಸು. ಬಾಗಿಲು, ಇನ್ಸುಲೇಷನ್ ಶೀಟ್, ಬಾತ್‌ರೂಮ್ ಸಾಮಾನು ತರಿಸುವವರಿಗೆ ಉದ್ದದ ಕಂಟೇನರ್ ಲಾಭ. ಕಲ್ಲು, ಟೈಲ್ಸ್ ಆದರೆ ಜಾಗ ತುಂಬುವ ಮೊದಲೇ ತೂಕ ಮುಗಿದು ಹೋಗುತ್ತದೆ. ಟೈಲ್ಸ್ ಕಂಟೇನರ್ ಬಾಗಿಲು ತೆಗೆದರೆ ಮೇಲೆ ಅರ್ಧ ಖಾಲಿ ಕಾಣುತ್ತದೆ. "ಇಷ್ಟು ಜಾಗ ವೇಸ್ಟ್ ಆಯ್ತಲ್ಲ" ಅಂತ ಬೇಜಾರು ಮಾಡಿಕೊಂಡು ಇನ್ನೂ ನಾಲ್ಕು ಪ್ಯಾಲೆಟ್ (ಮಾಲು ಜೋಡಿಸಿಡುವ ಮರದ ಅಡಿಹಲಗೆ) ತುರುಕಲು ಹೇಳುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬಂದರಿನಿಂದ ಆಚೆ ರಸ್ತೆ ಇದೆ, ಆ ದೇಶದ ರಸ್ತೆ ತೂಕದ ಮಿತಿ ಇದೆ.

ಸುಳ್ಳು ತೂಕ ಬರೆಯುವುದು ಇನ್ನೂ ದೊಡ್ಡ ಅಪಾಯ. 2007ರ ಜನವರಿಯಲ್ಲಿ ಎಂಎಸ್‌ಸಿ ನಾಪೊಲಿ ಅನ್ನುವ ಹಡಗಿನ ಒಡಲು ಬಿರುಗಾಳಿಯಲ್ಲಿ ಬಿರುಕು ಬಿಟ್ಟಿತು. ಆಮೇಲೆ ಅದರ ಡೆಕ್ ಮೇಲೆ ಒದ್ದೆಯಾಗದೆ ಉಳಿದಿದ್ದ ಸುಮಾರು 660 ಕಂಟೇನರ್‌ಗಳನ್ನು ತೂಗಿ ನೋಡಿದರು. ಐದರಲ್ಲಿ ಒಂದರ ತೂಕಕ್ಕೂ ಕಾಗದದಲ್ಲಿ ಬರೆದಿದ್ದಕ್ಕೂ 3 ಟನ್‌ಗಿಂತ ಜಾಸ್ತಿ ವ್ಯತ್ಯಾಸ ಇತ್ತು. ಹಡಗು ಒಡೆದಿದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಆ ಲೆಕ್ಕ ನೋಡಿದರೆ ಎದೆ ಝಲ್ಲೆನ್ನುತ್ತದೆ. 2016ರ ಜುಲೈ 1ರಿಂದ, ತುಂಬಿದ ಕಂಟೇನರ್‌ನ ತೂಕವನ್ನು ಖಚಿತಪಡಿಸಿ ಕೊಡದಿದ್ದರೆ ಅದನ್ನು ಹಡಗಿಗೆ ಏರಿಸುವ ಹಾಗಿಲ್ಲ. ವಿಜಿಎಂ ಅನ್ನುವುದು ಇದಕ್ಕೇ. ಅದನ್ನು ಇನ್ನೊಂದು ಫಾರ್ಮ್ ಅಂತ ಅಂದಾಜಿನಲ್ಲಿ ತುಂಬಿಸುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ತೇವದ ಬಗ್ಗೆಯೂ ಹೇಳಬೇಕು. ಕಂಟೇನರ್ ಬಿಸಿ ಜಾಗದಿಂದ ತಣ್ಣನೆ ಜಾಗಕ್ಕೆ ಹೋದಾಗ ಒಳಗಿನ ಗಾಳಿಯ ತೇವ ಚಾವಣಿಗೆ ಹತ್ತಿ, ಹನಿ ಹನಿಯಾಗಿ ಮಾಲಿನ ಮೇಲೆ ಬೀಳುತ್ತದೆ. ಹೊರಗಿನಿಂದ ಒಂದು ಹನಿ ಬರದಿದ್ದರೂ ಸಿಮೆಂಟ್ ಚೀಲ ಗಟ್ಟಿಯಾಗುತ್ತದೆ, ಜಿಪ್ಸಮ್ ಬೋರ್ಡ್ ಉಬ್ಬುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಎಷ್ಟೋ ಸಲ ಆ ನೀರು ಬರುವುದು ಪ್ಯಾಲೆಟ್‌ನ ಹಸಿ ಮರದಿಂದಲೇ. "ಪ್ಯಾಲೆಟ್ ಮೇಲೆ ಎಚ್‌ಟಿ ಮುದ್ರೆ ಇದೆಯಲ್ಲ" ಅನ್ನುತ್ತಾರೆ. ಆ ಮುದ್ರೆಯ ಅರ್ಥ, ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು 30 ನಿಮಿಷ ಕೊಟ್ಟಿದ್ದಾರೆ ಅಂತ. ಅದರಿಂದ ಹುಳ ಸತ್ತಿರುತ್ತದೆ. ಮರ ಒಣಗಿದೆ ಅಂತ ಆ ಮುದ್ರೆ ಹೇಳುವುದಿಲ್ಲ. ಒಣ ಪ್ಯಾಲೆಟ್ ಬೇಕು ಅಂತ ಬೇರೆಯಾಗಿಯೇ ಬರೆದು ಕೇಳಬೇಕು, ಜೊತೆಗೆ ತೇವ ಹೀರುವ ಚೀಲಗಳನ್ನೂ ತೂಗು ಹಾಕಿಸಬೇಕು.

ಟೈಲ್ಸ್ ತರಿಸುವವರಿಗೆ ಇನ್ನೊಂದು ಮಾತು. ಒಡೆಯುವುದನ್ನೂ ಲೆಕ್ಕ ಹಾಕಿ ಎಲ್ಲವನ್ನೂ ಒಂದೇ ಬ್ಯಾಚಿನಲ್ಲಿ ತರಿಸಿಬಿಡಿ. ಕಡಿಮೆ ಬಿದ್ದರೆ ಮತ್ತೆ ವಾರಗಟ್ಟಲೆ ಕಾಯಬೇಕು. ಬಂದ ಮೇಲೂ ಬಣ್ಣ ಹೊಂದುತ್ತದೆ ಅಂತ ಹೇಳಲಾಗದು.

"ಇನ್ಶೂರೆನ್ಸ್ ಇದೆಯಲ್ಲ" ಅಂತಲೂ ಗೆಳೆಯರು ಹೇಳಿದರು. ಸಿಐಎಫ್ ದರದಲ್ಲಿ, ಅಂದರೆ ಹಡಗಿನ ಬಾಡಿಗೆಯೂ ವಿಮೆಯೂ ಬೆಲೆಯಲ್ಲೇ ಸೇರಿದ ದರದಲ್ಲಿ ಕೊಂಡಿದ್ದೇನೆ, ವಿಮೆ ಮಾರುವವರದ್ದೇ ಅಂತ. ನಿಜ. ಆದರೆ ಸಿಐಎಫ್‌ನಲ್ಲಿ ಮಾರುವವರು ಕೊಡಲೇಬೇಕಾದ್ದು ಕನಿಷ್ಠ ವಿಮೆ ಮಾತ್ರ, 'ಸಿ' ದರ್ಜೆಯದು. ಹಡಗು ಮುಳುಗಿದರೆ, ಬೆಂಕಿ ಬಿದ್ದರೆ, ಡಿಕ್ಕಿಯಾದರೆ ಅದು ಬರುತ್ತದೆ. ಅಲೆಯ ಹೊಯ್ದಾಟದಲ್ಲಿ ಸ್ಲ್ಯಾಬ್ ಬಿರುಕು ಬಿಟ್ಟರೆ, ಒಳಗೆ ಸಮುದ್ರದ ನೀರು ನುಗ್ಗಿದರೆ ಬರುವುದಿಲ್ಲ. ಜಾಸ್ತಿ ಹಣ ಕೊಟ್ಟು 'ಎ' ದರ್ಜೆ ಮಾಡಿಸಿದರೂ, ಪ್ಯಾಕಿಂಗ್ ಸರಿ ಇಲ್ಲದೆ ಆದ ನಷ್ಟವನ್ನು ಅದು ಹೊರಗಿಡುತ್ತದೆ. ಹಡಗಿನವರನ್ನು ಕೇಳೋಣ ಅಂದರೆ, ಬಿಲ್ ಆಫ್ ಲೇಡಿಂಗ್, ಅಂದರೆ ಮಾಲಿಗೆ ಅವರು ಕೊಡುವ ರಶೀದಿ, ತೆಗೆದು ನೋಡಿ. ಮಾಲು ತುಂಬಿದ್ದು, ಜೋಡಿಸಿದ್ದು, ಎಣಿಸಿದ್ದು ಕಳಿಸಿದವರೇ ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಅವರಿಗೆ ಬಂದಿದ್ದು ಸೀಲ್ ಹಾಕಿದ ಡಬ್ಬಿ. ಒಳಗೆ ಏನಿದೆ ಅಂತ ಅವರು ನೋಡಿಯೇ ಇಲ್ಲ.

ಎಲ್ಲ ದಾರಿಯೂ ತಿರುಗಿ ಬರುವುದು ಮಾಲು ತುಂಬಿದ ಆ ಕೆಲವು ಗಂಟೆಗಳಿಗೇ ಅಲ್ವಾ? ಬಾಡಿಗೆಯಲ್ಲಿ ಉಳಿಸಲು ನಾವು ವಾರ ಪೂರ್ತಿ ಚೌಕಾಸಿ ಮಾಡುತ್ತೇವೆ. ಆ ಗಂಟೆಗಳ ಬಗ್ಗೆ ಒಂದು ಸಾಲಿನ ಪತ್ರ ಬರೆಯುವುದಿಲ್ಲ.

ಗೆಳೆಯರಿಗೆ ನಾನು ಹೇಳಿದ್ದು ಇಷ್ಟು. ಆಸರೆಗೆ ಮರ ಜಾಸ್ತಿ ಹಾಕಿಸಿ, ಆ ದುಡ್ಡು ನೀವೇ ಕೊಡಿ. ಪಟ್ಟಿ ಕತ್ತರಿಸಿದ ಮೇಲೂ ಸ್ಲ್ಯಾಬ್ ತನ್ನಷ್ಟಕ್ಕೆ ನಿಲ್ಲುವ ಹಾಗೆ ಚೌಕಟ್ಟು ಇರಲಿ. ಖಾಲಿ ಕಂಟೇನರ್, ಅರ್ಧ ತುಂಬಿದ್ದು, ಬಾಗಿಲು ಮುಚ್ಚುವ ಮೊದಲಿನದು, ಮೂರು ಹಂತದ ಫೋಟೊ ಬೇಕೇ ಬೇಕು ಅಂತ ಆರ್ಡರ್‌ನಲ್ಲೇ ಬರೆಯಿರಿ. ಆ ಫೋಟೊಗಳನ್ನು ಮಾಲು ಇಳಿಸುವವರಿಗೆ ಮೊದಲೇ ತೋರಿಸಿ. ಒಳಗೆ ಯಾವುದು ಯಾವ ಕಡೆಗೆ ಒರಗಿದೆ ಅಂತ ಅವರಿಗೆ ಗೊತ್ತಿರಲಿ. ಬಾಗಿಲು ತೆಗೆದ ತಕ್ಷಣ ಯಾರನ್ನೂ ಒಳಗೆ ಕಳಿಸಬೇಡಿ, ಗಾಳಿ ಆಡಲಿ. ಹುಳಕ್ಕೆ ಹಾಕಿದ ವಿಷದ ಹೊಗೆ ಒಳಗೇ ಉಳಿದಿರಬಹುದು. ಸ್ಲ್ಯಾಬ್ ಬೀಳುವ ಕಡೆ ಯಾರೂ ನಿಲ್ಲಬಾರದು, ಒಂದು ನಿಮಿಷಕ್ಕೂ.

ನಿನ್ನೆ ರಾತ್ರಿ ಅವರು ಮೆಸೇಜ್ ಮಾಡಿದ್ದರು. ಮಾಲು ಕಳಿಸುವವರು ಫೋಟೊಗೆ ಒಪ್ಪಿದ್ದಾರಂತೆ, ಪಕ್ಕದ ಆಸರೆಯ ಮರಕ್ಕೆ ಎಷ್ಟು ಆಗುತ್ತದೆ ಅಂತ ಲೆಕ್ಕವನ್ನೂ ಕಳಿಸಿದ್ದಾರಂತೆ. ಮುಂದಿನ ವಾರ ಲೋಡಿಂಗ್. ಫೋಟೊ ಬಂದ ಕೂಡಲೇ ನನಗೂ ಕಳಿಸಿ ಅಂದಿದ್ದೇನೆ.