ಬಾರ್‌ಕೋಡ್‌ನಲ್ಲಿ 666 ಅಡಗಿಲ್ಲ: ಒಂದು ಸ್ಪಷ್ಟನೆ

ಅಂಗಡಿ ಸಾಮಾನಿನ ಪ್ರತಿ ಬಾರ್‌ಕೋಡ್‌ನಲ್ಲೂ ಬೈಬಲ್ಲಿನ ಪ್ರಕಟನೆ ಗ್ರಂಥ (13:18) ಹೇಳುವ ‘ಮೃಗದ ಸಂಖ್ಯೆ’ 666 ಅಡಗಿದೆಯೆಂಬ ಸಂದೇಶ ಹರಿದಾಡುತ್ತಿದ್ದು, ಅದು ನಿಜವಲ್ಲ. ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿದರೆ ಆರಂಭ, ನಡು, ಕೊನೆಗಳಲ್ಲಿ ತುಸು ಉದ್ದವಾಗಿ ಕಾಣುವ ಜೋಡಿ ಗೆರೆಗಳು 6ರ ಗೆರೆಗಳನ್ನು ಹೋಲುತ್ತವೆ ಎಂಬುದೇನೋ ಸರಿ. ಆದರೆ ಪ್ರತಿ ಅಂಕಿಗೂ ಗೆರೆ ಮತ್ತು ಖಾಲಿ ಜಾಗ ಸೇರಿ ಏಳು ಘಟಕಗಳ ಅಗಲವಿರಬೇಕಾಗಿದ್ದು, ಇವಕ್ಕೆ ಮೂರು ಅಥವಾ ಐದು ಘಟಕಗಳಷ್ಟೇ ಇರುವುದರಿಂದ ಸ್ಕ್ಯಾನರ್ ಅವನ್ನು ಅಂಕಿಯಾಗಿ ಓದದೆ, ಸಂಕೇತದ ಮೊದಲು, ನಡು, ಕೊನೆಗಳನ್ನು ಗುರುತಿಸಲು ಬಳಸುತ್ತದೆ. ಅಷ್ಟಕ್ಕೂ ‘ನೀರೋ ಸೀಸರ್’ ಹೆಸರಿನ ಹೀಬ್ರೂ ಅಕ್ಷರಗಳ ಸಂಖ್ಯಾಮೌಲ್ಯವನ್ನು ಕೂಡಿದರೆ 666 ಬರುವುದರಿಂದ, ಅದು ಕ್ರೈಸ್ತರನ್ನು ಹಿಂಸಿಸಿದ ಆ ರೋಮನ್ ಚಕ್ರವರ್ತಿಯನ್ನೇ ಸೂಚಿಸುತ್ತದೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಈಜಿಪ್ಟಿನಲ್ಲಿ ದೊರೆತ, ಪ್ರಕಟನೆ ಗ್ರಂಥದ ಒಂದು ಹಳೆಯ ಪಪೈರಸ್ (ಜೊಂಡಿನ ಹಾಳೆ) ಹಸ್ತಪ್ರತಿಯಲ್ಲಂತೂ ಆ ಸಂಖ್ಯೆ 616 ಎಂದಿದೆ.