ರಿಯಾಯಿತಿ ಕೊಟ್ಟವರೇ ಅದಕ್ಕೆ ಬೇಲಿ ಹಾಕಿದರೆ?

ಮೊನ್ನೆ ರಾತ್ರಿ ನಾನು, ಅಮ್ಮ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತು ಎರಡು ಗಂಟೆ ಕಳೆದೆವು. ದೊಡ್ಡಮ್ಮನನ್ನು ನೋಡಿ ಅಮ್ಮನಿಗೆ ಆರು ವರ್ಷವಾಯಿತು. ನಾನು ಹತ್ತು ವರ್ಷದಿಂದ ಒಂದೇ ಏರ್‌ಲೈನ್ಸ್‌ನಲ್ಲಿ ಓಡಾಡುತ್ತಿರುವವಳು. ಬೇರೆ ಕಡೆ ಕಡಿಮೆಗೆ ಸಿಕ್ಕಾಗಲೂ, ಅಪರಾತ್ರಿಯ ಫ್ಲೈಟ್ ಆದರೂ ಪರವಾಗಿಲ್ಲ ಅಂತ ಇವರದ್ದೇ ಹಿಡಿದಿದ್ದೇನೆ. ಅದಕ್ಕೆ ಕೃತಜ್ಞತೆ ಅಂತ ಹೋದ ತಿಂಗಳು ಅವರಿಂದ ಮೇಲ್ ಬಂತು: ಶೇ 20 ರಿಯಾಯಿತಿ, ನಿಮಗಾಗಿ ಮಾತ್ರ. ಅಮ್ಮನಿಗೆ ಓದಿ ಹೇಳಿದೆ. ಅವಳು ಆಗಲೇ ಫೋನ್ ಎತ್ತಿ "ಬರ್ತಿದೀವಿ ಅಕ್ಕಾ" ಅಂದುಬಿಟ್ಟಳು.

ಅಮ್ಮ ಕನ್ನಡಕ ಏರಿಸಿಕೊಂಡು ಒಂದೊಂದೇ ತಾರೀಕು ಹೇಳುತ್ತಾ ಹೋದಳು, ನಾನು ಒತ್ತುತ್ತಾ ಹೋದೆ. ಶುಕ್ರವಾರ ಇಲ್ಲ. ಭಾನುವಾರ ಇಲ್ಲ. ರಜೆಯ ವಾರ ಪೂರ್ತಿ ಬೂದು ಬಣ್ಣ. ಕೊನೆಗೆ ಒಂದು ಮಂಗಳವಾರ ಸಿಕ್ಕಿತು. ಮೇಲ್‌ನಲ್ಲಿ ಬಂದಿದ್ದ ರಿಯಾಯಿತಿ ಕೋಡ್ ಹಾಕಿದೆ. ಕೆಂಪು ಅಕ್ಷರದಲ್ಲಿ ಒಂದೇ ಸಾಲು: "ಈ ಕೋಡ್ ನೀವು ಆರಿಸಿದ ದರಕ್ಕೆ ಅನ್ವಯಿಸುವುದಿಲ್ಲ."

ಯಾವ ದರಕ್ಕೆ ಅನ್ವಯಿಸುತ್ತೆ ಅಂತ ಹುಡುಕುತ್ತಾ ಷರತ್ತುಗಳನ್ನು ಪೂರ್ತಿ ಓದಿದೆ. ವಿಮಾನದಲ್ಲಿ ಅಕ್ಕಪಕ್ಕ ಕೂತ ಇಬ್ಬರ ಟಿಕೆಟ್ ಒಂದೇ ಕ್ಲಾಸಿನದ್ದಾಗಿರಬೇಕಿಲ್ಲ. ಎಕಾನಮಿ ಒಂದೇ ಆದರೂ ಒಳಗೆ ಅದನ್ನು ಹತ್ತಾರು ಇಂಗ್ಲಿಷ್ ಅಕ್ಷರಗಳಾಗಿ ಒಡೆದಿರುತ್ತಾರೆ. ಒಂದೊಂದು ಅಕ್ಷರಕ್ಕೆ ಒಂದೊಂದು ದರ, ಇಷ್ಟೇ ಸೀಟು ಅಂತ ಲೆಕ್ಕ. ನನ್ನ ಕೋಡ್ ಕೆಳಗಿನ ಅಗ್ಗದ ಅಕ್ಷರಗಳಿಗೆ ನಡೆಯುವುದಿಲ್ಲ, ಮೇಲಿನ ದುಬಾರಿ ಅಕ್ಷರಗಳಿಗಷ್ಟೇ. ಲೆಕ್ಕ ಹಾಕಿ ನೋಡಿದರೆ ರಿಯಾಯಿತಿ ಹಾಕಿಸಿಕೊಂಡ ಟಿಕೆಟ್ಟಿಗಿಂತ ಏನೂ ಹಾಕದ ಟಿಕೆಟ್ಟೇ ಕಡಿಮೆಗೆ ಬರುತ್ತಿತ್ತು! ಅದೂ ಅಲ್ಲದೆ ಶೇ 20 ಕಡಿತ ಮೂಲ ದರಕ್ಕೆ ಮಾತ್ರ. ಇಂಧನ ಸರ್‌ಚಾರ್ಜ್, ವಿಮಾನ ನಿಲ್ದಾಣದ ಶುಲ್ಕ, ತೆರಿಗೆ ಎಲ್ಲ ಪೂರ್ತಿ ಕೊಡಬೇಕು. ಒಟ್ಟು ಮೊತ್ತದಲ್ಲಿ ಮೂಲ ದರ ಅರ್ಧವಿದ್ದರೆ ಉಳಿಯುವುದು ಶೇ 10 ಅಷ್ಟೇ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ.

ನನಗೆ ಹೆಚ್ಚು ನೋವಾಗಿದ್ದು ಬೇರೆ ಷರತ್ತಿನಿಂದ. ರಿಯಾಯಿತಿ ನನ್ನಂಥ ಸದಸ್ಯರಿಗೆ ಮಾತ್ರ, ಜೊತೆಗೆ ಬರುವವರಿಗಿಲ್ಲ. ಅಂದರೆ ಅಮ್ಮನ ಟಿಕೆಟ್ ಬೇರೆ ಪಿಎನ್‌ಆರ್‌ನಲ್ಲಿ ಮಾಡಿಸಬೇಕು. ನಾಳೆ ಫ್ಲೈಟ್ ರದ್ದಾದರೆ ನನ್ನನ್ನು ಬೆಳಗಿನದಕ್ಕೆ, ಅಮ್ಮನನ್ನು ಸಂಜೆಯದಕ್ಕೆ ಹಾಕಿದರೂ ಹಾಕಿದರೇ, ಅವರ ಸಿಸ್ಟಮ್‌ಗೆ ನಾವಿಬ್ಬರೂ ಸಂಬಂಧವಿಲ್ಲದ ಪ್ರಯಾಣಿಕರು. ಎಪ್ಪತ್ತು ದಾಟಿದ ಅಮ್ಮನನ್ನು ನಾನು ಹಾಗೆ ಒಂಟಿಯಾಗಿ ಬಿಡಲಾರೆ.

ಈ ಜಗಳ ಹೊಸದೇನಲ್ಲ. ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ತನ್ನ ಮೈಲ್ಸ್ ಯೋಜನೆ ಶುರು ಮಾಡಿತು: ಹಾರಿದ ದೂರಕ್ಕೆ ಮೈಲ್ಸ್ ಅನ್ನುವ ಪಾಯಿಂಟ್ಸ್, ಸಾಕಷ್ಟು ಸೇರಿದರೆ ಉಚಿತ ಟಿಕೆಟ್. 1988ರಲ್ಲಿ ನಿಯಮ ಬದಲಿಸಿ, ಜನ ಅದಾಗಲೇ ಗಳಿಸಿಟ್ಟುಕೊಂಡಿದ್ದ ಮೈಲ್ಸ್‌ಗೂ ಸೀಟಿನ ಮಿತಿ, ಬ್ಲ್ಯಾಕ್‌ಔಟ್ ದಿನಗಳನ್ನು (ಮೈಲ್ಸ್ ನಡೆಯದ ದಿನಗಳನ್ನು) ಹೇರಿತು. ಪ್ರಯಾಣಿಕರು ಕೋರ್ಟಿಗೆ ಹೋದರು. 1995ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ರಾಜ್ಯದ ಗ್ರಾಹಕ ರಕ್ಷಣಾ ಕಾನೂನಿನಡಿ ಈ ದಾವೆ ನಡೆಯುವುದಿಲ್ಲ, ಆದರೆ ಕಂಪನಿ ತಾನೇ ಮಾಡಿಕೊಂಡ ಒಪ್ಪಂದವನ್ನು ಮುರಿದಿದೆ ಅಂತ ದಾವೆ ಹೂಡಬಹುದು ಎಂದಿತು. ನನ್ನ ಸಿಟ್ಟೂ ಅದೇ. ಕೊಡಿ ಅಂತ ನಾನು ಕೇಳಿರಲಿಲ್ಲ, ಕೊಡ್ತೀವಿ ಅಂದವರು ಅವರು.

ತುಂಬುವ ಫ್ಲೈಟಿನಲ್ಲಿ ಕಡಿಮೆ ದರಕ್ಕೆ ಸೀಟು ಯಾಕೆ ಕೊಡಬೇಕು ಅನ್ನುವ ಅವರ ವ್ಯಾಪಾರ ನನಗೆ ಅರ್ಥವಾಗುತ್ತೆ. ಆದರೆ ನಮ್ಮ ನಿಷ್ಠೆಗೆ ಬೆಲೆಯಿಲ್ಲ ಅಂತ ಯಾರೂ ಹೇಳಬೇಡಿ. ಕೋವಿಡ್ ಬಂದು ವಿಮಾನಗಳೆಲ್ಲ ನಿಂತಿದ್ದ 2020ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲ್ಸ್ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು, ಡೆಲ್ಟಾ 900 ಕೋಟಿ ಡಾಲರ್ ಎತ್ತಿತು. ಸಾಲ ಕೊಟ್ಟವರು ನಂಬಿದ್ದು ನಮ್ಮಂಥವರು ಮತ್ತೆ ಮತ್ತೆ ಬರುತ್ತೇವೆ ಅನ್ನುವುದನ್ನೇ ಅಲ್ಲವೇ?

ನಾನು ಕೇಳುವುದು ದೊಡ್ಡದೇನಲ್ಲ. ಯಾವ ದಿನಕ್ಕೆ ಇಲ್ಲ, ಯಾವ ದರಕ್ಕೆ ಇಲ್ಲ, ಮನೆಯವರಿಗೆ ಇದೆಯೋ ಇಲ್ಲವೋ, ಇಷ್ಟನ್ನು ಶೇ 20 ಅನ್ನುವ ದಪ್ಪ ಅಕ್ಷರದ ಪಕ್ಕದಲ್ಲೇ ಬರೆಯಲಿ. ಕೆಳಗೆ ಹನ್ನೊಂದನೇ ಷರತ್ತಿನಲ್ಲಿ ಅಡಗಿಸಿಡುವುದು ಬೇಡ. ಹಾಗೆ ಬರೆದಿದ್ದರೆ ಅಮ್ಮ ಅವತ್ತು ಫೋನ್ ಮಾಡುತ್ತಿರಲಿಲ್ಲ.

ಕೊನೆಗೆ ಇಬ್ಬರಿಗೂ ಬೇರೆ ಏರ್‌ಲೈನ್ಸ್‌ನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿಸಿದೆ. ಹತ್ತು ವರ್ಷದಲ್ಲಿ ಇದೇ ಮೊದಲು. ಅಮ್ಮನಿಗೆ ಕಿಟಕಿ ಪಕ್ಕ ಸಿಕ್ಕಿದೆ. ಹಳೆಯವರಿಗೆ ಬರೆದ ದೂರಿಗೆ ಉತ್ತರ ಬಂದಿಲ್ಲ. ಕೋಡ್‌ನ ಅವಧಿ ಮುಗಿಯುವುದಕ್ಕೆ ಇನ್ನು ಒಂಬತ್ತು ದಿನ ಇದೆ ಅಂತ ಇವತ್ತು ಬೆಳಿಗ್ಗೆ ಮತ್ತೊಂದು ಮೇಲ್ ಬಂದಿದೆ.